ಒತ್ತಿಲ್ಲದ ಪತ್ರ

ಸೋಮವಾರ ಬೆಳಿಗ್ಗೆ 10.20ಕ್ಕೆ ಜಯನಗರದ ಠಾಣೆಗೆ ನಿವೃತ್ತ ಕನ್ನಡ ಶಿಕ್ಷಕಿ ಸೀತಮ್ಮ ಬಂದರು. ಬಡಾವಣೆಯ ಸಂಘದ ಸಭಾಂಗಣದಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಪುಕ್ಕಟೆಯಾಗಿ ಕನ್ನಡ ಹೇಳಿಕೊಡುವವರು. ಸಂಘದ ಬೀಗ ಹಾಕಿದ ಗಾಜಿನ ಸೂಚನಾ ಫಲಕದಲ್ಲಿ ಅವರ ಕೈಬರಹದ ಪತ್ರ ಕಾಣಿಸಿಕೊಂಡಿತ್ತು: ‘ಕಿರಿಯರು ಬರೆದ ಕವನ ನಾನೇ ಬರೆದೆ ಎಂದು ನಟಿಸಿದೆ. ಇದು ನಿಜ. ನಾನು ಅಪರಾಧಿ.’ ಕೆಳಗೆ ‘ಸೀತಾ’ ಎಂಬ ಸಹಿ.

“ಅಕ್ಷರ ನಂದೇ, ಬರೆದಿದ್ದು ನಾನಲ್ಲ. ಇಪ್ಪತ್ತೆರಡು ಮಕ್ಕಳು ಬರ್ತಿದ್ರು. ನಿನ್ನೆ ಒಬ್ಬರೂ ಬರಲಿಲ್ಲ.”

ಇನ್ಸ್‌ಪೆಕ್ಟರ್ ರೇಖಾ ಮಾನಹಾನಿಗಾಗಿ ನಕಲಿ ದಾಖಲೆ ಸೃಷ್ಟಿಸಿದ ಕಲಂ ಹಾಕಿ ಎಫ್‌ಐಆರ್ ಮಾಡಿಸಿದಳು. ಕಸ ಗುಡಿಸುವುದಕ್ಕೂ ನೋಟಿಸು ಅಂಟಿಸುವ ಸಂಘದವರನ್ನು ಕಂಡರೆ ಅವಳಿಗೆ ಮೊದಲೇ ಅಷ್ಟಕ್ಕಷ್ಟೆ.

ಹೆಡ್ ಕಾನ್ಸ್‌ಟೇಬಲ್ ಹನಮಂತ ಬಾಗಲಕೋಟೆಯವನು. ಪತ್ರವನ್ನು ಮೂರು ಸಲ ಓದಿದ.

“ಇದರಾಗ ಒಂದೂ ಒತ್ತಕ್ಷರ ಇಲ್ರೀ ಮೇಡಂ. ಕನ್ನಡ ಕಲಸೋರು ‘ಮಕ್ಕಳು’ ಅನ್ನೂದು ಬಿಟ್ಟು ‘ಕಿರಿಯರು’ ಅಂತಾರೇನ್ರಿ? ತಮ್ಮ ಹೆಸರಿನ ಒತ್ತೂ ನುಂಗ್ಯಾರ.”

ಭೂತಗನ್ನಡಿ ಹಿಡಿದರೆ ಅಷ್ಟೂ ‘ನ’ಗಳು ಒಂದೇ ಅಚ್ಚು. ವಿಚಾರಿಸಿದಾಗ, ತನ್ನ ಕೈಬರಹವನ್ನೇ ಹಳೆಯ ವಿದ್ಯಾರ್ಥಿಗಳು ಕಂಪ್ಯೂಟರ್ ಫಾಂಟ್ ಮಾಡಿ ಪಾಠದ ವೆಬ್‌ಸೈಟಿಗೆ ಬಳಸಿದ್ದಾರೆ ಎಂದು ಸೀತಮ್ಮ ಹೇಳಿದರು.

ಫಲಕದ ಬೀಗದ ಕೈ ಇದ್ದದ್ದು ಸಂಘದ ಕಾರ್ಯದರ್ಶಿ ವಸಿಷ್ಠನ ಬಳಿ ಮಾತ್ರ. ಕರೆಸಿದಾಗ ಅವನು ಸಂಜೆ 4ಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಠಾಣೆಗೆ ಬಂದ.

“ಪತ್ರ ಹಾಕಿದ್ದು ಯಾರು?”

“ನಾನೇ ಮೇಡಂ. ಅವರೇ ಕೈಯಾರೆ ಕೊಟ್ರು.”

“ಯಾವಾಗ?”

“ಶನಿವಾರ ಸಂಜೆ.”

“ಶನಿವಾರ ಇಡೀ ದಿನ ಅವರು ಚಿಕ್ಕಲಸಂದ್ರದಲ್ಲಿ, ತಂಗಿ ಮನೇಲಿದ್ರು.”

ವಸಿಷ್ಠ ನೀರು ಕೇಳಿದ.

ಮಂಗಳವಾರ 11.15ಕ್ಕೆ ಅವನ ಮನೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಂಪ್ಯೂಟರಿನಲ್ಲಿ, ಪಾಠದ ವೆಬ್‌ಸೈಟಿನಿಂದ ಇಳಿಸಿಕೊಂಡ ಸೀತಮ್ಮನವರ ವೆಬ್‌ಫಾಂಟ್ ಕಡತವೂ ಅದರಿಂದ ಮಾಡಿದ 412 ಪಿಎನ್‌ಜಿ ಚಿತ್ರಗಳೂ ಸಿಕ್ಕವು. ಫಾಂಟ್ ನೇರವಾಗಿ ಇನ್‌ಸ್ಟಾಲ್ ಆಗದೆ ಹೋದಾಗ ಈ ಮಹಾಶಯ ಅದನ್ನು ಆನ್‌ಲೈನ್ ಕನ್ವರ್ಟರಿಗೆ ಹಾಕಿ, ಒಂದೊಂದು ಅಕ್ಷರವನ್ನೂ ಚಿತ್ರ ಮಾಡಿಕೊಂಡು ಸಾಲಾಗಿ ಅಂಟಿಸಿದ್ದ. ಒತ್ತುಗಳು ಮಾತ್ರ ಎಲ್ಲೆಲ್ಲೋ ಹೋಗಿ ಕೂತವು. ಅದಕ್ಕೇ ಒತ್ತಿಲ್ಲದ ಪದಗಳನ್ನು ಹುಡುಕಿ ಹುಡುಕಿ ಬರೆದಿದ್ದ. ಇನ್ನೊಬ್ಬರ ಕೈಬರಹ ಕದಿಯಲು ಹೊರಟವನಿಗೆ ಒಂದು ಒತ್ತು ಕೂರಿಸುವ ಯೋಗ್ಯತೆಯೂ ಇಲ್ಲವಲ್ಲ ಎಂದು ರೇಖಾಗೆ ಹೇಸಿಗೆಯಾಯಿತು.

12.40ಕ್ಕೆ ದಸ್ತಗಿರಿ. ಪತ್ರ ನಕಲಿ ಎಂದು ಹನಮಂತ ಪೋಷಕರಿಗೆಲ್ಲ ಫೋನ್ ಮಾಡಿ ತಿಳಿಸಿದ. ಠಾಣೆಯಲ್ಲಿ ವಸಿಷ್ಠ ಬಾಯಿಬಿಟ್ಟ.

“ಆಗಸ್ಟಲ್ಲಿ ನಾನು ಗೋಡೆಗೆ ಅಂಟಿಸಿದ್ದ ನೋಟಿಸಿನಲ್ಲಿ ಸೀತಮ್ಮನೋರು ಕೆಂಪು ಪೆನ್ನಲ್ಲಿ ಏಳು ತಪ್ಪು ತಿದ್ದಿದ್ರು. ಮಕ್ಕಳೆಲ್ಲ ನಿಂತ್ಕೊಂಡು ನಕ್ರು.”

“ಅಷ್ಟಕ್ಕೇನಾ?”

“ನನ್ ಮಗಳು ಇಂಚರಾನೂ ಅದೇ ಕ್ಲಾಸು ಮೇಡಂ. ಅವಳೂ ನಕ್ಳು.”

ರೇಖಾಗೆ ಅವನ ಮೇಲೆ ಎಳ್ಳಷ್ಟೂ ಕನಿಕರ ಬರಲಿಲ್ಲ. ತಾನು ನಕ್ಕಿದ್ದಕ್ಕೆ ಅಪ್ಪ ಠಾಣೆ ಸೇರಿದನೆಂದು ಆ ಹುಡುಗಿಗೆ ತಿಳಿಯದಿದ್ದರೆ ಸಾಕು ಅನ್ನಿಸಿತು. ಆದರೆ ಹೇಳಿಕೆಯಲ್ಲಿ ಆ ಸಾಲನ್ನು ಬಿಡುವಂತಿರಲಿಲ್ಲ. ಬರೆದುಕೊಂಡಳು.