ಮೂರನೆಯ ಬಿಂದು

ಜೂನ್ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆ. ವಡಾಲದ ಠಾಣೆಗೆ ಮಲ್ಲವ್ವ ದೂರು ಕೊಡಲು ಬಂದಳು. ಎರಡು ವಾರದ ಹಿಂದೆ ಅವಳ ಗಂಡ ಶಂಕ್ರೆಪ್ಪ, ತಾನು ಹುಟ್ಟಿ ಬೆಳೆದ ಚಾಳಿನ ಮುಂದೆಯೇ ನೀರಿನ ಪೈಪಿಗೆ ಗುಂಡಿ ತೋಡುತ್ತಿದ್ದ. ನೆಲದೊಳಗಿನ ವಿದ್ಯುತ್ ಕೇಬಲ್ಲಿಗೆ ಹಾರೆ ತಾಗಿ ಸತ್ತ. ಕುಡಿದು, ಸುಣ್ಣದ ಗುರುತು ದಾಟಿ ಅಗೆದ ಎಂದು ಗುತ್ತಿಗೆದಾರ ಹೇಳಿಕೆ ಬರೆದುಕೊಟ್ಟಿದ್ದ.

"ಸಾಹೇಬ್ರ, ಹೋದಾಂವ ಬರೂದಿಲ್ಲ. ಆದ್ರ ತಪ್ಪು ಅವಂದ ಅಂತ ಬರದಾರಲ್ಲ, ಅದನ್ನ ಅಳಸ್ರಿ. ಅಂವ ಚಾ ಬಿಟ್ರ ಏನೂ ಕುಡೀತಿದ್ದಿಲ್ರಿ."

ಇನ್‌ಸ್ಪೆಕ್ಟರ್ ಕಾಶಪ್ಪ ಬಿರಾದಾರ ಜತ್ತ ಕಡೆಯವನು, ಮಾತು ಒರಟು. "ಆಸ್ಪತ್ರಿ ವರದಿ ಏನಂತದ?"

"ರಕ್ತದಲ್ಲಿ ಮದ್ಯ ಇಲ್ಲ ಸರ್," ಎಂದಳು ಕಾನ್‌ಸ್ಟೆಬಲ್ ವಸಂತಿ.

"ಅರ್ಧಾ ಸುಳ್ಳು ಇಲ್ಲೇ ಆತು. ಎಫ್‌ಐಆರ್ ಹಾಕು. ಉಳದರ್ಧ ನೋಡೂಣು."

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಗುಂಡಿಯ ಪಕ್ಕದ ಮಣ್ಣಿನ ಗುಡ್ಡೆಯನ್ನು ಕಾಶಪ್ಪ ಸರಿಸಿ ಹಾಕಿಸಿದ. ಅಡಿಯಲ್ಲಿ ಸುಣ್ಣದ ಗೆರೆ ಹಾಗೇ ಇತ್ತು. ಗುಂಡಿ ಗೆರೆಯನ್ನು ಎಲ್ಲಿಯೂ ದಾಟಿರಲಿಲ್ಲ. ಇಬ್ಬರು ಪಂಚರು ಸಹಿ ಹಾಕಿದರು.

ಸುಣ್ಣ ಹಾಕಿಸಿದವನು ಗುತ್ತಿಗೆದಾರನ ಮೇಸ್ತ್ರಿ ವಿಕ್ರಂ. ಫೋನಿಗೆ ಬಂದ ನಕ್ಷೆ ನೋಡಿ ಹಾಕಿಸಿದ್ದು ಎಂದು ತೋರಿಸಿದ. ಅದರಲ್ಲಿ ಕೇಬಲ್ ಗೆರೆಯಿಂದ ಆರು ಮೀಟರ್ ದೂರ, ಚಾಳಿನ ಕಡೆಗೆ ಇತ್ತು. ಠಾಣೆಗೆ ಸರ್ವೆ ಕಂಪನಿ ಕೊಟ್ಟ ನಕ್ಷೆಯಲ್ಲಿ ಕೇಬಲ್ ಗೆರೆಯ ಕೆಳಗೇ ಇತ್ತು. ಎರಡರ ಮೇಲೂ ಒಂದೇ ತಾರೀಖು.

"ಇಷ್ಟು ದಿನ ಬಾಯಿ ಹೊಲ್ಕೊಂಡಿದ್ದೇನ್ಲೇ?"

"ಗುತ್ತಿಗೆದಾರ ಸೇಠ್ ಚುಪ್ ಬೈಠ್ ಅಂದ್ರು, ಸುಮ್ನಿದ್ದೆ ಸರ್."

"ಭಾಳ ಶಾಣ್ಯಾ ಅದಿ. ಸತ್ತಾಂವ ಹೆಂಗೂ ಮಾತಾಡೂದಿಲ್ಲಲ್ಲ."

ಎರಡೂ ನಕ್ಷೆ ತಯಾರಾದದ್ದು ಬಾಂದ್ರಾದ ಒಂದು ಸರ್ವೆ ಆಫೀಸಿನಲ್ಲಿ. ಮಾಡಿದವನು ಅಮಿತ ಕೋಳೂರ, ಹಿರಿಯ ಡ್ರಾಫ್ಟ್ಸ್‌ಮನ್. ಕೆಲಸದ ರೀತಿಯನ್ನು ಅವನ ಸಹಾಯಕಿ ಸಾಧನಾ ವಿವರಿಸಿದಳು. ಕಂಪ್ಯೂಟರಿನಲ್ಲಿ ಬರೆದ ಕೇಬಲ್ಲಿನ ಹಳೆಯ ಕ್ಯಾಡ್ ನಕ್ಷೆ ಖಾಲಿ ಹಾಳೆಯ ಮೇಲೆ ಬರೆದಂತೆ. ಭೂಮಿಯ ಮೇಲೆ ತಾನೆಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ನಕ್ಷೆಯಲ್ಲೂ ಸ್ಯಾಟಲೈಟ್ ಚಿತ್ರದಲ್ಲೂ ಕಾಣುವ ಎರಡು ಜಾಗ ಹಿಡಿದು, ಅವುಗಳ ನಿರ್ದೇಶಾಂಕ ಕೊಟ್ಟರೆ ನಕ್ಷೆ ತಿರುಗಿ, ಹಿಗ್ಗಿ, ಊರಿನ ಮೇಲೆ ಕೂರುತ್ತದೆ.

"ಎರಡು ಬಿಂದು ಕೊಟ್ರೆ ಹೇಗಾದ್ರೂ ಕೂತ್ಕೊಳ್ಳುತ್ತೆ ಸರ್. ಕೂತಿದ್ದು ಸರೀನಾ ಅಂತ ಗೊತ್ತಾಗೋದು ಮೂರನೇದರಿಂದ."

ಅಮಿತ ಕೊಟ್ಟದ್ದು ಎರಡೇ: ಶಾಲೆಯ ಮೂಲೆ, ಚಾಳಿನ ಎದುರಿನ ಶನಿಗುಡಿಯ ಮೂಲೆ.

"ಗುಡಿ ಯಾಕ?"

"ಗುಡಿ ಎಲ್ಲಿಗೂ ಹೋಗೋದಿಲ್ಲ ಸರ್," ಎಂದ ಅಮಿತ.

"ಜಾಗಾ ನೋಡಿ ಬಂದಿದ್ರೇನು?"

"ಬೇಕಾಗಿರಲಿಲ್ಲ. ಚಿತ್ರದಲ್ಲೇ ಕಾಣುತ್ತೆ."

"ನಾಳೆ ಬಂದು ತೋರಸ್ರಿ."

"ಜ್ವರ ಇದೆ ಸರ್."

"ಜೀಪಿನ್ಯಾಗ ಗಾಳಿ ಛಲೋ ಬರ್ತದ. ಬರ್ರಿ."

ಮರುದಿನ ಅಮಿತ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಂದ. ಜೊತೆಗೆ ಸಾಧನಾ ಇದ್ದಳು. ಗುಡಿ ನೋಡಿಕೊಳ್ಳುವ ಮುದುಕ ಕೊರಗಪ್ಪ, ಗುಡಿ ಮೊದಲಿಂದಲೂ ಇಲ್ಲೇ ಇತ್ತೇ ಎಂಬ ಕಾಶಪ್ಪನ ಪ್ರಶ್ನೆ ಕೇಳಿ ನಕ್ಕ.

"ಗುಡಿ ಮೊದಲು ಇಲ್ಲಿ ಇದ್ದದ್ದಲ್ಲ ಸರ್. ರಸ್ತೆ ಅಗಲ ಮಾಡುವಾಗ ಮುನ್ಸಿಪಾಲ್ಟಿಯವರ ಸುತ್ತಿಗೆ ಬೀಳುವ ಮೊದಲೇ ನಾವೇ ಬಿಚ್ಚಿ ಆರು ಮೀಟರ್ ಒಳಗೆ, ಚಾಳಿನ ಕಡೆಗೆ ಕಟ್ಟಿದ್ದು. ಅದೇ ಕಲ್ಲು, ಅದೇ ಬಣ್ಣ, ಅದೇ ದಿಕ್ಕು. ದೇವರಿಗೇ ಗೊತ್ತಾಗಿಲ್ಲ ಅಂತ ತಮಾಷೆ ಮಾಡ್ತೇವೆ. ಈ ಚಾಳಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಕಲ್ಲು ಹೊತ್ತಿದ್ದಾರೆ." ಅವನ ಕಣ್ಣು ಮಾಸ್ಕಿನ ಮೇಲೆ ನಿಂತಿತು. "ನೀನೊಬ್ಬ ಬರ್ಲಿಲ್ಲ ಅಲ್ವನಾ, ಅಮ್ಯಾ? ಫೋನ್ ಮಾಡಿದ್ದೆ. ಬಾಯಿಗೆ ಬಟ್ಟೆ ಕಟ್ಟಿದ್ರೆ ಗುರ್ತ ಸಿಗುದಿಲ್ವಾ ಮಾರಾಯ? ನಡಿಗೆ ನಿನ್ನ ಅಪ್ಪಂದೇ."

"ಸರ್, ನೀವು ಬಾಂದ್ರಾದವರಲ್ವಾ?" ಎಂದಳು ಸಾಧನಾ.

ಚಾಳಿನ ಬಾಗಿಲಲ್ಲಿ ನಿಂತಿದ್ದ ಮಲ್ಲವ್ವ ಎರಡು ಹೆಜ್ಜೆ ಮುಂದೆ ಬಂದಳು.

"ಅಮ್ಯಾ ಅಂದ್ರ ನೀವs ಏನ್ರಿ? ನಮ್ಮನಿಯಾಂವ ಯಾವಾಗ್ಲೂ ಹೇಳ್ತಿದ್ದಾ, ಸಾಲ್ಯಾಗ ನನ್ನ ಬೆಂಚಿನಾಂವ ದೊಡ್ಡ ಆಫೀಸಿನ್ಯಾಗ ಅದಾನ ಅಂತ."

ಅಮಿತ ಮಾಸ್ಕ್ ಬಿಚ್ಚಿ ಗುಡಿಯ ಕಟ್ಟೆಯ ಮೇಲೆ ಕುಳಿತ.

ಸಂಜೆ ಠಾಣೆಯಲ್ಲಿ ವಿಚಾರಣೆ ನಡೆಯಿತು. ವಸಂತಿ ಬರೆದುಕೊಳ್ಳುತ್ತಿದ್ದಳು.

"ಹಳೇ ನಕ್ಷೆದಾಗ ಗುಡಿ ಹಳೇ ಜಾಗಾದಾಗ, ಚಿತ್ರದಾಗ ಹೊಸ ಜಾಗಾದಾಗ. ಮೂರನೇ ಬಿಂದು ಹಾಕಿದ್ದಿಲ್ಲೇನು?"

"ಹಾಕಿದ್ದೆ. ನೀರಿನ ಟ್ಯಾಂಕು. ಐದು ಮೀಟರ್ ತಪ್ಪು ತೋರಿಸ್ತು."

"ಏನ್ ಮಾಡಿದಿ?"

"ಅಳಿಸಿದೆ."

"ಎರಡನೇ ನಕ್ಷೆ?"

"ಸಾವಿನ ಸುದ್ದಿ ಬಂದ ದಿನ ಟ್ಯಾಂಕು ಹಿಡಿದು ಮತ್ತೆ ಕೂರಿಸಿದೆ. ಹಳೇ ತಾರೀಖು ಹಾಕಿ ಕೊಟ್ಟೆ."

"ಸತ್ತಾಂವ ಯಾರಂತ ಗೊತ್ತಿತ್ತೇನು?"

"ರಾತ್ರಿ ಗೊತ್ತಾತ್ರಿ." ಅವನ ಆಫೀಸಿನ ಕನ್ನಡ ಕಳಚಿಬಿದ್ದಿತ್ತು. "ಗೊತ್ತಾದ ಮ್ಯಾಲೂ ಸುಮ್ನಿದ್ದೆ. ಅಂವ ಕುಡದಿದ್ದಾ ಅಂತ ಬರದದ್ದು ಓದಿ... ಒಂದು ಗಳಿಗಿ ನಿರಾಳ ಆತ್ರಿ ನನಗ."

ಕಾಶಪ್ಪ ಮೇಜಿಗೆ ಗುದ್ದಿದ. ಚಾದ ಗ್ಲಾಸು ಉರುಳಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ: ಎರಡೂ ಕಲಮಿನಡಿ ಅಮಿತನ ಬಂಧನವಾಯಿತು. ಗುತ್ತಿಗೆದಾರನಿಗೂ ನೋಟಿಸು ಹೋಯಿತು. ಶಂಕ್ರೆಪ್ಪ ಗುರುತಿನೊಳಗೇ ಅಗೆದಿದ್ದ ಎಂಬ ಸಾಲನ್ನು ವಸಂತಿ ಮಲ್ಲವ್ವನಿಗೆ ಎರಡು ಸಲ ಓದಿ ಹೇಳಿದಳು.

ಲಾಕಪ್ಪಿಗೆ ಕಳಿಸುವ ಮುನ್ನ ಕಾಶಪ್ಪ ಕೇಳಿದ. "ಬಾಂದ್ರಾದಿಂದ ಲೋಕಲ್ ರೈಲು ಹತ್ತಿದ್ರ ವಡಾಲ ಎಷ್ಟು ದೂರಲೇ? ತಪ್ಪು ತೋರಿಸಿದ ದಿನ ಬಂದು ಒಂದ್ಸಲ ನೋಡಿದ್ರ ಏನಾಗ್ತಿತ್ತು?"

"ಅಳತಿ ಮಾಡಾಕ ಆಫೀಸಿನವ್ರೂ ಬರ್ತಿದ್ರು. ಅವ್ರ ಮುಂದ ಚಾಳಿನವ್ರು ನನ್ನ ಅಮ್ಯಾ ಅಂತ ಕರೀತಿದ್ರು, ನಾ ಎಲ್ಲಿಯಾಂವ ಅಂತ ಅವ್ರಿಗೆ ತಿಳೀತಿತ್ತು."

"ಅಷ್ಟ ಏನು?"

"ಅಷ್ಟsರಿ."

ವಸಂತಿ ಪೆನ್ನು ಎತ್ತಿದಳು. "ಇದನ್ನೂ ಬರೀಬೇಕಾ ಸರ್?"

ಕಾಶಪ್ಪ ಉರುಳಿದ್ದ ಗ್ಲಾಸನ್ನು ಎತ್ತಿ ನಿಲ್ಲಿಸಿದ. "ಬರಿ," ಎಂದ.