ಹಾಗಲಕಾಯಿ ಹಯಗ್ರೀವದ ಪ್ರಕರಣ

ಜುಲೈ 7, 2025, ಸೋಮವಾರ ಬೆಳಿಗ್ಗೆ 10.40. ಚೆನ್ನೈನ ನುಂಗಂಬಾಕ್ಕಂ ಸೈಬರ್ ಠಾಣೆಗೆ ಅನಸೂಯ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ ಬಂದು, ತಮ್ಮ ಸರ್ಚ್ ಬಾಕ್ಸನ್ನು ಯಾರೋ ತಮ್ಮದಾಗಿಸಿಕೊಂಡಿದ್ದಾರೆ ಎಂದು ದೂರು ಕೊಟ್ಟರು. ಹೆಡ್ ಕಾನ್‌ಸ್ಟೆಬಲ್ ಪ್ರತಾಪ್ ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿ, ಅವರನ್ನು ಇನ್‌ಸ್ಪೆಕ್ಟರ್ ಶ್ರೀನಾಥರ ಕೋಣೆಗೆ ಕಳಿಸಿದರು.

ಶ್ರೀನಾಥ್ ರೈಲ್ವೆ ಕಾಲೊನಿಯಲ್ಲಿ ಬೆಳೆದ ಕನ್ನಡಿಗ. ವಿಷಯ ಅರ್ಥವಾಗಲು ಒಂದು ಕಾಫಿ ಸಾಕಾಯಿತು. ಅನಸೂಯ ಚೆನ್ನೈನ ಕನ್ನಡದ ಮನೆಗಳಿಂದ ಸಾವಿರದ ನೂರು ಅಡುಗೆಗಳನ್ನು ಕಲೆಹಾಕಿ ವೆಬ್‌ಸೈಟ್ ಮಾಡಿದ್ದರು. ಅದರ ನೆತ್ತಿಯ ಮೇಲೊಂದು ಸರ್ಚ್ ಬಾಕ್ಸ್. ಅರಿಸಿನದ ಬಣ್ಣ ಅವರೇ ಆರಿಸಿದ್ದು. ಯಾರಾದರೂ ‘ಪತ್ರೊಡೆ’ ಎಂದು ಟೈಪಿಸಿದರೆ ಅಡುಗೆಯ ಪಕ್ಕದಲ್ಲಿ ಎರಡು ಜಾಹೀರಾತು ಬರುತ್ತಿದ್ದವು. ಅವನ್ನು ಒತ್ತಿದವರಿಂದ ಬರುವ ಚಿಲ್ಲರೆಯಲ್ಲಿ ವೆಬ್‌ಸೈಟಿನ ವರ್ಷದ ಬಾಡಿಗೆ ನಡೆಯುತ್ತಿತ್ತು. ಮೂರು ತಿಂಗಳಿಂದ ಬಿಡಿಗಾಸೂ ಬಂದಿಲ್ಲ. ತನ್ನ ಬಾಡಿಗೆ ತಾನೇ ದುಡಿಯದ ವೆಬ್‌ಸೈಟನ್ನು ಮುಚ್ಚತಕ್ಕದ್ದು ಎಂದು ಗಂಡ ಸೀತಾರಾಮರ ತೀರ್ಪು. ಗಡುವು ಜುಲೈ 20.

ಎಫ್‌ಐಆರ್ ದಾಖಲಾಯಿತು. ಬಾಕ್ಸಿನ ಕೋಡಿನಲ್ಲಿದ್ದ ಜಾಹೀರಾತು ಖಾತೆಯ ಸಂಖ್ಯೆ ಅನಸೂಯರದ್ದಾಗಿರಲಿಲ್ಲ; ಏಪ್ರಿಲ್ 3ರ ಮಧ್ಯಾಹ್ನ 3.20ಕ್ಕೆ ಬದಲಾಗಿತ್ತು. ಖಾತೆ ಯಾರದೆಂದು ತಿಳಿಸಲು ಜಾಹೀರಾತಿನ ಕಂಪನಿ ಆರು ವಾರ ಕೇಳಿತು.

“ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು?”

“ನಾಲ್ಕು ಜನಕ್ಕೆ. ಎಲ್ಲ ನಮ್ಮವರೇ.”

“ಯಾಕೆ ಕೊಟ್ರಿ?”

“ಕೇಳಿದ್ರಲ್ಲಪ್ಪಾ. ಮನೆಗೆ ಬಂದು ಕೇಳಿದವರಿಗೆ ಇಲ್ಲ ಅನ್ನೋಕಾಗತ್ತಾ?”

ಸಂಜೆ ಶ್ರೀನಾಥರಿಗೆ ಇನ್ನೊಂದು ಸಂಗತಿ ಹೊಳೆಯಿತು. ಬಾಕ್ಸ್ ಯಾರ ಖಾತೆಯಲ್ಲಿದೆಯೋ ಅವರಿಗೆ ದುಡ್ಡಷ್ಟೇ ಅಲ್ಲ, ಜನ ಏನೇನು ಹುಡುಕಿದರೆಂಬ ಪಟ್ಟಿಯೂ ಹೋಗುತ್ತದೆ. ಊರಿನ ನಾಲಗೆ ಏನು ಬೇಡುತ್ತಿದೆಯೆಂದು ತಿಳಿದು ಯಾರಿಗೇನು ಲಾಭ? ಫೋನಿನಲ್ಲಿ ಅನಸೂಯ ನಕ್ಕು, ಹೋಟೆಲಿನವರಿಗೆ ಬಿಟ್ಟು ಇನ್ಯಾರಿಗೆ ಎಂದರು. ಮರುಕ್ಷಣ ನಗು ನಿಲ್ಲಿಸಿ, ಪಾಸ್‌ವರ್ಡ್ ಗೊತ್ತಿದ್ದ ನಾಲ್ವರ ಹೆಸರನ್ನು ಮತ್ತೆ ಎಣಿಸಿದರು. ನಾಲ್ವರಲ್ಲಿ ಒಬ್ಬಳು ವೀಕ್ಷಾ. ವೆಬ್‌ಸೈಟ್ ಕಟ್ಟಿಕೊಟ್ಟವಳೇ ಅವಳು. ಅವಳ ತಂದೆ ಮೋನಪ್ಪನವರದ್ದು ಪೋರೂರಿನಲ್ಲಿ ಸಸ್ಯಾಹಾರಿ ಹೋಟೆಲು.

ಸಂಶಯಕ್ಕೆ ಸಾಕ್ಷ್ಯ ಬೇಕು. ಜುಲೈ 9ರ ಸಂಜೆ 4ರಿಂದ 6ರವರೆಗೆ ಇಡೀ ಠಾಣೆಯೂ ಅನಸೂಯರ ಭಜನಾ ಮಂಡಳಿಯೂ ಸೇರಿ ಆ ಬಾಕ್ಸಿನಲ್ಲಿ ಒಂದೇ ಹೆಸರು ಹುಡುಕಿದರು: ಹಾಗಲಕಾಯಿ ಹಯಗ್ರೀವ. ಭೂಮಿಯ ಮೇಲೆ ಯಾರೂ ಮಾಡದ, ಮಾಡಬಾರದ ಸಿಹಿ. ಹೆಸರು ಶ್ರೀನಾಥರದ್ದೇ.

ಜುಲೈ 11, ಮಧ್ಯಾಹ್ನ 12.30. ಮೋನಪ್ಪನವರ ಹೋಟೆಲಿನ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ‘ಇಂದಿನ ವಿಶೇಷ: ಹಾಗಲಕಾಯಿ ಹಯಗ್ರೀವ’.

ಮೋನಪ್ಪ ತಾವೇ ತಂದು ಬಡಿಸಿದರು. “ಎರಡು ದಿವಸ ತಲೆ ಕೆಡಿಸಿಕೊಂಡು ಮಾಡಿದ್ದು ಮಾರಾಯ್ರೆ. ಬೆಲ್ಲದಲ್ಲಿ ಕಹಿ ಕೂತದ್ದೇ ಗೊತ್ತಾಗುದಿಲ್ಲ.”

ಪ್ರತಾಪ್ ಸಾಕ್ಷ್ಯವೆಂದು ಒಂದು ಬಟ್ಟಲು ತಿಂದರು, ಖಚಿತಪಡಿಸಿಕೊಳ್ಳಲು ಇನ್ನೊಂದು. “ಸಾರ್, ಸೂಪರಾ ಇದೆ. ಬರೀಲಾ?” ಪಂಚನಾಮೆಯಲ್ಲಿ ರುಚಿಗೆ ಕಾಲಂ ಇಲ್ಲ ಎಂದರು ಶ್ರೀನಾಥ್, ತಮ್ಮ ಬಟ್ಟಲು ಖಾಲಿ ಮಾಡುತ್ತ.

ಗಲ್ಲಾದಲ್ಲಿದ್ದ ವೀಕ್ಷಾ ಲ್ಯಾಪ್‌ಟಾಪ್ ತಾನೇ ತೆರೆದುಕೊಟ್ಟಳು. ಖಾತೆಯ ಸಂಖ್ಯೆ ಸರಿಹೊಂದಿತು. ಮೂರು ತಿಂಗಳ ದುಡ್ಡು ಮುಟ್ಟದೆ ಹಾಗೇ ಇತ್ತು. 1.50ಕ್ಕೆ ಬಂಧನ.

“ಪಟ್ಟಿ ಬೇಕು ಅಂತ ಅವರನ್ನೇ ಕೇಳಬಹುದಿತ್ತಲ್ಲ?”

“ಆಂಟಿಯತ್ರ ಕೇಳಿದ್ರೆ ಒಂದು ಗಂಟೆಯಲ್ಲಿ ಅಪ್ಪನಿಗೆ ಗೊತ್ತಾಗ್ತದೆ ಸರ್.”

ಜಾಮೀನು ಸಿಗುವ ಅಪರಾಧ, ಠಾಣೆಯಲ್ಲೇ ಬಿಡಬಹುದಿತ್ತು. ಜಾಮೀನಿಗೆ ಸಹಿ ಹಾಕಲು ಮೊದಲು ಬಂದವರು ಅನಸೂಯ. ದೂರುದಾರರೇ ಜಾಮೀನು ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು ಮನವರಿಕೆ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಸೀತಾರಾಮರು ಸಹಿ ಹಾಕಿದರು. ಅವರ ಕೈಗೇ ಶ್ರೀನಾಥ್ ಒಂದು ನೋಟಿಸನ್ನೂ ಕೊಟ್ಟರು: ವೆಬ್‌ಸೈಟ್ ಪ್ರಕರಣದ ಸಾಕ್ಷ್ಯ, ವಿಚಾರಣೆ ಮುಗಿಯುವವರೆಗೆ ಮುಚ್ಚಕೂಡದು.

“ಎಷ್ಟು ದಿನ ಆಗಬಹುದು?” ಅನಸೂಯ ಕೇಳಿದರು.

“ಏಳೆಂಟು ವರ್ಷ.”

ನ್ಯಾಯಾಲಯಗಳ ನಿಧಾನಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ಶ್ರೀನಾಥ್ ಕಂಡಿರಲಿಲ್ಲ. ಅನಸೂಯ ಅಲ್ಲೇ ಕುಳಿತು ಬಾಕ್ಸಿಗೆ ತಮ್ಮ ಸಂಖ್ಯೆ ಹಾಕಿಸಿಕೊಂಡರು.

ಕೊನೆಯ ವರದಿಯಲ್ಲಿ ‘ಉದ್ದೇಶ’ ಎಂಬಲ್ಲಿ ಪೆನ್ನು ನಿಂತಿತು. ಮಾರ್ಚಿನಲ್ಲಿ ಮೋನಪ್ಪ, ತನ್ನ ಅಡುಗೆ ಯಾರಿಗೂ ಬೇಡವಾಗಿದೆಯೆಂದು ಹೋಟೆಲನ್ನು ಮೊಬೈಲ್ ಅಂಗಡಿಯವರಿಗೆ ಬಿಟ್ಟುಕೊಡುವ ಮಾತಾಡಿದ್ದರು. ಏಪ್ರಿಲ್‌ನಿಂದ ಮಗಳು ದಿನಾ ಬೆಳಿಗ್ಗೆ ಆ ಪಟ್ಟಿಯಿಂದ ಒಂದೊಂದು ಹೆಸರು ಹೇಳಿ, “ಜನ ಕೇಳ್ತಿದ್ದಾರೆ ಅಪ್ಪ” ಎನ್ನುತ್ತಿದ್ದಳು. ಅದರಲ್ಲಿ ಸುಳ್ಳಿರಲಿಲ್ಲ. ಮೊಬೈಲ್ ಅಂಗಡಿಯ ಮಾತು ಆಮೇಲೆ ಎದ್ದಿರಲಿಲ್ಲ.

ಶ್ರೀನಾಥ್ ‘ಲಾಭ’ ಎಂದು ಬರೆದರು. ಹೊಡೆದುಹಾಕಿದರು. ಮೇಲೆ ಸಣ್ಣ ಅಕ್ಷರದಲ್ಲಿ, ‘ತಂದೆ ಒಲೆಯ ಮುಂದೆಯೇ ಇರಲೆಂದು’ ಎಂದು ಬರೆದು ಸಹಿ ಮಾಡಿದರು.