ಕರಿಹಳ್ಳದ ಹೆಬ್ಬಲಸು

"ತೋಟದ ಮರ ಒಂದನ್ನೂ ಮುಟ್ಟೋ ಹಾಗಿಲ್ಲ. ದೋಣಿಗೆ ಮರ ಬೇಕಾದ್ರೆ ಕರಿಹಳ್ಳದ ಕೊರಕಲಿಗೆ ಇಳೀರಿ. ಮಳೆ ಹಿಡಿಯೋದ್ರೊಳಗೆ ಸಾಗಿಸ್ಕೊಳ್ಳಿ. ಆಮೇಲೆ ನನ್ನ ಜಾಗಕ್ಕೆ ಕಾಲಿಡಬೇಡಿ."

ಎಸ್ಟೇಟಿನ ದೇವರಾಜೇಗೌಡರು ಇಷ್ಟು ಹೇಳಿ ಜೀಪು ಹತ್ತಿದರು. ಮರ ಕಡಿಯುವ ಅನುಮತಿ ಕಾಗದವನ್ನು ವಿಷ್ಣುಮೂರ್ತಿ ಮೇಷ್ಟ್ರು ಆಗಲೇ ಮಾಡಿಸಿ ತಂದಿದ್ದರು. ೧೯೯೮ರ ಮೇ ತಿಂಗಳು. ಮಳೆಗೆ ಉಳಿದಿದ್ದು ಮೂರೇ ವಾರ.

ಕಳಸದ ಕೆಳಗೆ ಭದ್ರೆಯ ಆಚೆ ದಡದಲ್ಲಿ ಹನ್ನೊಂದು ಮನೆ. ಮಳೆಗಾಲದ ನಾಲ್ಕು ತಿಂಗಳು ಅವರಿಗೆ ದೋಣಿಯೇ ದಾರಿ. ಹಿಂದಿನ ಆಷಾಢದಲ್ಲಿ ಆ ದೋಣಿ ಬಂಡೆಗೆ ಬಡಿದು ಉದ್ದಕ್ಕೂ ಸೀಳಿತ್ತು. ಹುಟ್ಟು ಹಾಕುತ್ತಿದ್ದ ಗುರುವಯ್ಯ ಹೊಳೆಪಾಲಾಗಿದ್ದ. ಈಗ ಹೊಸ ದೋಣಿಗೆ ಮರ ಹುಡುಕಲು ಹೊರಟವಳು ಅವನ ಹೆಂಡತಿ ನಂಜಮ್ಮ. ಜೊತೆಗೆ ಮೇಷ್ಟ್ರು, ಮತ್ತೆ ಬೊಮ್ಮಯ್ಯ. ಸೀಳಿದ ದೋಣಿಯನ್ನು ಕೆತ್ತಿದ್ದವನೂ ಅವನೇ. ಸುತ್ತಲ ಊರುಗಳಲ್ಲಿ ದೋಣಿ ಕೆತ್ತುವವನು ಬೇರೊಬ್ಬನಿದ್ದಿದ್ದರೆ ನಂಜಮ್ಮ ಇವನ ಮುಖ ನೋಡುತ್ತಿರಲಿಲ್ಲ.

ಕಾಫಿ ತೋಟ ಮುಗಿದಲ್ಲಿ ಕೊರಕಲು ಶುರು. ಮೇಲೆ ಗಿಡಗಳ ಸಾಲಿನಲ್ಲಿ ಚುರುಗುಟ್ಟುತ್ತಿದ್ದ ಬಿಸಿಲು ನೂರು ಹೆಜ್ಜೆ ಇಳಿಯುವಷ್ಟರಲ್ಲಿ ಕಾಣೆಯಾಯಿತು. ಬೆತ್ತದ ಮುಳ್ಳು ಸೀರೆ ಹಿಡಿದು ಜಗ್ಗಿತು. ಪಾಚಿ ಕಟ್ಟಿದ ಬಂಡೆಗಳು ಕಾಲು ನಿಲ್ಲಗೊಡಲಿಲ್ಲ. ಆಸರೆಗೆಂದು ಹಿಡಿದ ಬಳ್ಳಿ ಬುಡಸಮೇತ ಕಿತ್ತು ಬಂತು. ತರಗೆಲೆಯ ಅಡಿಯಿಂದ ಇಂಬಳಗಳು ಎದ್ದು ಕಾಲಿಗೆ ಹತ್ತಿದವು. ತಳದಲ್ಲಿ ಮೊಣಕಾಲುದ್ದ ನೀರಿನ ಕರಿಹಳ್ಳ, ಅದರ ದಡದಲ್ಲಿ ಇನ್ನೂ ಬೆಚ್ಚಗಿದ್ದ ಆನೆಯ ಲದ್ದಿ. ಮನುಷ್ಯರು ಬರುವುದು ಈ ಕೊರಕಲಿಗೇ ಇಷ್ಟವಿರಲಿಲ್ಲ.

ಎರಡನೆಯ ದಿನ ಬೊಮ್ಮಯ್ಯ ಒಂದು ಮರದ ಮುಂದೆ ನಿಂತ. ಇಬ್ಬರು ತಬ್ಬಿದರೂ ಸಾಲದ ಹೆಬ್ಬಲಸು. ಸಮತಟ್ಟು ಜಾಗ. ಹಳ್ಳಕ್ಕೆ ಹತ್ತೇ ಮಾರು.

"ಇದೇ. ಹೆಬ್ಬಲಸು ನೀರಿಗೆ ಕೊಳೆಯಲ್ಲ, ಹುಳ ಹತ್ತಲ್ಲ" ಎಂದು ಕೊಡಲಿಯ ಹಿಂಬದಿಯಿಂದ ಬಡಿದ. "ಕೇಳು, ಗಟ್ಟಿ ಇದೆ."

"ಬೈರಿಗೆ ಹಾಕಿ ಒಳಗೆ ಕೊರೆದು ನೋಡಿ" ಎಂದಳು ನಂಜಮ್ಮ.

"ಬೈರಿಗೆ ತಿರುಗಿಸ್ತಾ ಕೂತ್ರೆ ಅರ್ಧ ದಿನ ಹೋಗತ್ತೆ ಮಾರಾಯ್ತಿ. ಮೂವತ್ತು ವರ್ಷ ದೋಣಿ ಕೆತ್ತಿದ ಕೈ ಇದು."

"ನನ್ನ ಗಂಡನ್ನ ಮುಳುಗಿಸಿದ ದೋಣೀನೂ ಆ ಕೈಯೇ ಕೆತ್ತಿದ್ದು."

ಬೊಮ್ಮಯ್ಯನ ಮುಖ ಕಪ್ಪಿಟ್ಟಿತು. ಮೇಷ್ಟ್ರು ಬೈರಿಗೆ ತೆಗೆದು ಅವಳ ಕೈಗಿತ್ತರು. ಅವಳೇ ತಿರುಗಿಸಿದಳು. ಮೊದಲು ಅರಿಸಿನದಂಥ ಹಳದಿ ಪುಡಿ ಬಂತು. ಒಂದು ಗೇಣು ಒಳಗೆ ಹೋದ ಮೇಲೆ ಕಪ್ಪು, ಒದ್ದೆ, ಕೊಳೆತ ನಾತ. ಮರ ಒಳಗೊಳಗೇ ಸತ್ತಿತ್ತು.

ಬೊಮ್ಮಯ್ಯ ಬೇರಿನ ಮೇಲೆ ಕುಸಿದು ಕುಳಿತ. "ಆವತ್ತೂ ಬೈರಿಗೆ ಹಾಕಬೇಕಿತ್ತು. ಮಳೆ ಬಂತು ಅಂತ ಬಿಟ್ಟೆ. ಕೆತ್ತುವಾಗ ತಳದಲ್ಲಿ ಒಂದು ಗಂಟು ಕಂಡಿತ್ತು. ಯಾರಿಗೂ ಹೇಳಲಿಲ್ಲ" ಎಂದ.

ನಂಜಮ್ಮನ ಕೈ ಕೊಡಲಿಯ ಕಾವಿನ ಮೇಲೆ ಬಿಗಿಯಿತು. ಆಮೇಲೆ ಅವಳು ಅಕ್ಕಿ ಪಾತ್ರೆಯ ಮೂಟೆ ಎತ್ತಿಕೊಂಡು ಮುಂದೆ ನಡೆದಳು.

ಐದನೆಯ ದಿನ, ಹಳ್ಳದ ಆಚೆಯ ಕಡಿದಾದ ಇಳಿಜಾರಿನಲ್ಲಿ ಇನ್ನೊಂದು ಹೆಬ್ಬಲಸು ಸಿಕ್ಕಿತು. ಮೊದಲಿನದಕ್ಕಿಂತ ಸಪೂರ, ನೆಟ್ಟಗೆ. ಬೊಮ್ಮಯ್ಯ ಈ ಸಲ ಅವಸರ ಮಾಡಲಿಲ್ಲ. ಸುತ್ತ ಬಂದ, ತೊಗಟೆಯ ಗೆರೆಗಳ ಮೇಲೆ ಬೆರಳಾಡಿಸಿದ.

"ಗೆರೆ ತಿರುಚಿಲ್ಲ ನೋಡು. ತೊಗಟೆ ತಿರುಚಿದ್ರೆ ಒಳಗಿನ ನಾರೂ ತಿರುಚಿರತ್ತೆ, ದೋಣಿ ಸೀಳತ್ತೆ." ಬೈರಿಗೆಯನ್ನು ತಾನೇ ಅವಳತ್ತ ಚಾಚಿದ. ಮೂರು ಕಡೆ ಕೊರೆದರೂ ಹಳದಿ ಪುಡಿಯೇ ಬಂತು.

ಮೂವರೂ ಸರದಿಯಲ್ಲಿ ಕಡಿದರು, ಮಧ್ಯಾಹ್ನದ ಹೊತ್ತಿಗೆ ಮರ ಕರಕರ ಎಂದಿತು.

"ಸರೀರಿ!" ಬೊಮ್ಮಯ್ಯ ಕೂಗಿದ.

ಮರ ಉರುಳಿತು. ಬುಡ ಹಿಂದಕ್ಕೆ ಚಿಮ್ಮಿತು. ಬೊಮ್ಮಯ್ಯನ ಚೀರಾಟ ಕೊರಕಲಿಡೀ ತುಂಬಿತು. ಅವನ ಎಡಗಾಲು ದಿಮ್ಮಿಯ ಕೆಳಗಿತ್ತು.

ನಂಜಮ್ಮ ಬಲವಾದ ಕೊಂಬೆಯೊಂದನ್ನು ದಿಮ್ಮಿಯಡಿಗೆ ತುರುಕಿ ಅದರ ಮೇಲೆ ಮೈಯೆಲ್ಲ ಹೇರಿದಳು. "ಮೇಷ್ಟ್ರೇ, ಎಳೀರಿ!" ಮೇಷ್ಟ್ರು ಎಳೆದರು. ಪಾದ ವಿಕಾರವಾಗಿ ಹೊರಳಿತ್ತು. ಬಿದಿರು ಸೀಳಿ ಕಟ್ಟಿದರು.

"ಊರಿಂದ ಜನ ಕರ್ಕೊಂಡು ಬರ್ತೀನಿ" ಎಂದರು ಮೇಷ್ಟ್ರು.

"ನನ್ನನ್ನ ಹೊತ್ಕೊಂಡು ಹೋದ್ರೆ ಕೆತ್ತೋದು ಹೇಳಿಕೊಡೋರಿಲ್ಲ, ದೋಣಿ ಇಲ್ಲೇ ಉಳಿಯತ್ತೆ" ಎಂದ ಬೊಮ್ಮಯ್ಯ ಹಲ್ಲು ಕಚ್ಚಿಕೊಂಡು. "ಬಾಚಿ ತಗೋ ನಂಜಮ್ಮ. ನಾನು ಹೇಳ್ತೀನಿ, ನೀನು ಕೆತ್ತು."

ಅಲ್ಲೇ ಬಿಡಾರ ಹೂಡಿ ಹತ್ತು ದಿನ ಕೆತ್ತಿದರು. ಬಾಚಿಯ ಏಟಿಗೆ ಅವಳ ಅಂಗೈ ಬೊಬ್ಬೆ ಬಂದು ಒಡೆಯಿತು. ಮರದ ಹಾಲು ಗಾಯಕ್ಕೆ ಅಂಟಿ ಉರಿಯಿತು. ಜ್ವರದಲ್ಲಿ ಬೇಯುತ್ತಿದ್ದ ಬೊಮ್ಮಯ್ಯ ಬಂಡೆಗೊರಗಿ ಕೂಗುತ್ತಿದ್ದ: "ತಳಕ್ಕೆ ನಾಲ್ಕು ಬೆರಳು ದಪ್ಪ ಬಿಡು. ಪಕ್ಕಕ್ಕೆ ಎರಡು ಸಾಕು."

ಕೆತ್ತತೊಡಗಿದ ಹನ್ನೊಂದನೆಯ ದಿನ, ಎಣಿಸಿದ್ದಕ್ಕಿಂತ ಮೊದಲೇ, ಆಕಾಶ ಒಡೆಯಿತು.

ಒಂದೇ ಗಂಟೆಯಲ್ಲಿ ಹಳ್ಳ ಸೊಂಟದಷ್ಟಾಯಿತು, ಮತ್ತೊಂದು ಗಂಟೆಗೆ ಆಳೆತ್ತರ. ಬಂದ ದಾರಿ ಆಚೆ ದಡದಲ್ಲಿ ಉಳಿಯಿತು. ಇವರ ಬೆನ್ನಿಗೆ ಇಳಿಜಾರು ಜರಿಯತೊಡಗಿತ್ತು.

"ಇನ್ನೂ ಒರಟು ದೋಣಿ. ತೇಲತ್ತಾ?" ಮೇಷ್ಟ್ರು ಕಿರುಚಿದರು.

"ಇಲ್ಲಿದ್ರೆ ಹೂತುಹೋಗ್ತೀವಿ. ಹತ್ತಿ!" ಎಂದಳು ನಂಜಮ್ಮ.

ಬೊಮ್ಮಯ್ಯನನ್ನು ಒಳಗೆ ಮಲಗಿಸಿ ಇಬ್ಬರೂ ದೋಣಿಯನ್ನು ನೀರಿಗೆ ನೂಕಿ ಹಾರಿ ಕುಳಿತರು. ಕೆಂಪು ನೀರು ಅವರನ್ನು ಎತ್ತಿಕೊಂಡು ಓಡಿತು. ನಂಜಮ್ಮ ಬಿದಿರ ಗಳ ಊರಿ ಒಂದು ಬಂಡೆ ತಪ್ಪಿಸಿದಳು. ಇನ್ನೊಂದು ತಪ್ಪಿತು. ಮೂರನೆಯದು ತಪ್ಪಲಿಲ್ಲ.

ಧಡ್!

ಗಳ ಮುರಿಯಿತು. ಮೇಷ್ಟ್ರು ಮುಗ್ಗರಿಸಿದರು. ಗುರುವಯ್ಯನ ಕೊನೆಯ ಗಳಿಗೆ ಹೀಗೇ ಇತ್ತೇನೋ ಎನ್ನಿಸಿತು ನಂಜಮ್ಮನಿಗೆ. ಬೊಮ್ಮಯ್ಯ ಎರಡೂ ಅಂಗೈಯಿಂದ ತಳ ತಡವುತ್ತಿದ್ದ. "ತಳದಿಂದ ನೀರು ಬರ್ತಿಲ್ಲ!" ಎಂದು ಅತ್ತ. "ಸೀಳಿಲ್ಲ ಕಣವ್ವಾ, ನೀರಿಲ್ಲ!"

ಹಳ್ಳ ಅವರನ್ನು ಭದ್ರೆಗೆ ಉಗುಳಿತು. ಮಳೆಗೆ ಬೆದರಿ ದಡಕ್ಕೆ ಬಂದಿದ್ದ ಊರವರು ಹಗ್ಗ ಎಸೆದರು. ಸರೋಜಮ್ಮ ಎಂಬ ಮುದುಕಿಯೂ ಸೊಂಟಮಟ್ಟ ನೀರಿಗಿಳಿದು ಎಳೆದಳು. ಬೊಮ್ಮಯ್ಯನನ್ನು ಅದೇ ಸಂಜೆ ಅದೇ ದೋಣಿಯಲ್ಲಿ ಹೊಳೆ ದಾಟಿಸಿ, ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಕಳಿಸಿದರು. ಕಾಲು ಉಳಿಯಿತು, ಕುಂಟು ಉಳಿಯಿತು.

ನಂಜಮ್ಮ ಅವನನ್ನು ಕ್ಷಮಿಸಿದಳೋ ಇಲ್ಲವೋ, ಯಾರಿಗೂ ಹೇಳಲಿಲ್ಲ. ಆದರೆ ಶಾಲೆ ಶುರುವಾದ ಸೋಮವಾರ, ಅಂಗೈಗೆ ಬಟ್ಟೆ ಸುತ್ತಿಕೊಂಡು, ಊರಿನ ಆರು ಮಕ್ಕಳನ್ನೂ ಪೇಟೆಗೆ ಹೋಗುವ ಎರಡು ಮೂಟೆ ಅಕ್ಕಿಯನ್ನೂ ಹೇರಿಕೊಂಡು ತುಂಬಿದ ಹೊಳೆಯನ್ನು ದಾಟಿದಳು. ಶಾಲೆಯ ದಡದಲ್ಲಿ ಮಕ್ಕಳು ಒಬ್ಬೊಬ್ಬರೇ ಇಳಿದರು. ಯಾರ ಪುಸ್ತಕವೂ ನೆನೆದಿರಲಿಲ್ಲ.